ಬಾಂಬಿನಾಚೆಯ ಬಂಗಾಳ: ಕ್ರಾಂತಿಕಾರಿ ಸಮಿತಿಗಳು ಉಳಿದ ದಿನಗಳಲ್ಲಿ ಏನು ಮಾಡುತ್ತಿದ್ದವು?

ವಂದೇ ಮಾತರಂ ಗೀತೆಗೆ 150 ವರ್ಷ ತುಂಬಿದ ನೆಪದಲ್ಲಿ ಬಂಗಾಳದ ಕ್ರಾಂತಿಕಾರಿಗಳ ಹೆಸರುಗಳು ಮತ್ತೆ ಮಾತಿಗೆ ಬಂದಿವೆ. ಖುದಿರಾಮ್ ಬೋಸ್, ಬಾಘಾ ಜತಿನ್, ಸೂರ್ಯ ಸೇನ್, ಪ್ರೀತಿಲತಾ ವಡ್ಡೇದಾರ್. ಶಾಲೆಯ ಪಠ್ಯದಲ್ಲಿ ಇವರಿಗೆ ಸಿಗುವುದು ಒಂದೆರಡು ಸಾಲು. ಆ ಸಾಲುಗಳಲ್ಲಿ ಬಾಂಬ್ ಇರುತ್ತದೆ, ಪಿಸ್ತೂಲು ಇರುತ್ತದೆ, ಕೊನೆಗೆ ಗಲ್ಲು ಇರುತ್ತದೆ. ಇವರನ್ನು ಬೆಳೆಸಿದ ಸಂಘಟನೆಗಳ ದಿನನಿತ್ಯದ ಕೆಲಸ ಏನಿತ್ತು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ.

ಆ ಕೆಲಸವನ್ನು ತಿಳಿಯದೆ ಉಳಿದದ್ದು ಅರ್ಥವಾಗುವುದಿಲ್ಲ ಎಂದು ನನಗೆ ದೃಢವಾಗಿ ಅನಿಸುತ್ತದೆ. ಏಕೆಂದರೆ ಈ ಸಮಿತಿಗಳ ಸದಸ್ಯರು ಬಾಂಬ್ ಮುಟ್ಟಿದ್ದಕ್ಕಿಂತ ಹೆಚ್ಚು ಸಲ ರೋಗಿಗಳ ಶುಶ್ರೂಷೆ ಮಾಡಿದ್ದಾರೆ, ಅನಾಥ ಹೆಣಗಳಿಗೆ ಹೆಗಲು ಕೊಟ್ಟಿದ್ದಾರೆ, ನೆರೆಯಲ್ಲಿ ಅಕ್ಕಿ ಹಂಚಿದ್ದಾರೆ.

ಮೊದಲು ಕೆಲವು ಪದಗಳು

'ಸಮಿತಿ' ಎಂದರೆ ಆಗಿನ ಬಂಗಾಳದಲ್ಲಿ ಯುವಕರ ಸಂಘ. ನಮ್ಮ ಮೈಸೂರು ಸೀಮೆಯ ಗರಡಿಮನೆಯನ್ನು ನೆನೆದುಕೊಳ್ಳಿ: ಮಣ್ಣಿನ ಅಖಾಡ, ಸಾಮು, ಉಸ್ತಾದರು, ಊರಿಗೆ ಆಪತ್ತು ಬಂದಾಗ ಮೊದಲು ಓಡಿಬರುವ ಹುಡುಗರು. ಅದಕ್ಕೆ ಒಂದು ಪುಸ್ತಕ ಭಂಡಾರವನ್ನೂ ಒಂದು ರಾಜಕೀಯ ಗುರಿಯನ್ನೂ ಸೇರಿಸಿದರೆ ಬಂಗಾಳದ ಸಮಿತಿಯ ಚಿತ್ರ ಸಿಗುತ್ತದೆ. 'ಸ್ವದೇಶಿ' ಎಂದರೆ ನಮ್ಮ ನೆಲದಲ್ಲಿ ತಯಾರಾದ ವಸ್ತುವನ್ನೇ ಬಳಸುವ ವ್ರತ. 'ಬಹಿಷ್ಕಾರ' ಎಂದರೆ ವಿದೇಶಿ ಸರಕನ್ನು ಮುಟ್ಟದಿರುವುದು. 'ಭದ್ರಲೋಕ' ಎಂದರೆ ಇಂಗ್ಲಿಷ್ ಕಲಿತು ಕಚೇರಿ, ಕೋರ್ಟು, ಶಾಲೆಗಳಲ್ಲಿ ಉದ್ಯೋಗ ಹಿಡಿದಿದ್ದ ಮೇಲ್ಜಾತಿಯ ಮಧ್ಯಮ ವರ್ಗ.

ಸಮಿತಿಗಳಲ್ಲಿ ಹೆಸರಾದದ್ದು ಅನುಶೀಲನ ಸಮಿತಿ. ಸತೀಶ್ ಚಂದ್ರ ಬಸು ಎಂಬ ಯುವಕ 1902ರಲ್ಲಿ ಕಲ್ಕತ್ತದಲ್ಲಿ ಇದನ್ನು ಕಟ್ಟಿದರು. ಬ್ಯಾರಿಸ್ಟರ್ ಪ್ರಮಥನಾಥ ಮಿತ್ರ ಅಧ್ಯಕ್ಷರಾದರು. ಹೆಸರು ಬಂದದ್ದು ವಂದೇ ಮಾತರಂ ಬರೆದ ಬಂಕಿಮಚಂದ್ರರ ಬರಹದಿಂದ: ದೇಹ, ಬುದ್ಧಿ, ಮನಸ್ಸು ಮೂರನ್ನೂ ಅಭ್ಯಾಸದಿಂದ ಅರಳಿಸಿಕೊಳ್ಳಬೇಕು ಎಂಬ ವಿಚಾರ ಅವರದು. ಇದೇ ಬಂಕಿಮರು ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಆ ಹೊತ್ತಿಗಾಗಲೇ ಕನ್ನಡದ ಮನೆಗಳಿಗೂ ಪರಿಚಿತರಾಗಿದ್ದರು.

1905ರಲ್ಲಿ ಏನಾಯಿತು?

ಆಗಿನ ಬಂಗಾಳ ಪ್ರಾಂತ್ಯದಲ್ಲಿ ಇಂದಿನ ಬಿಹಾರ, ಒಡಿಶಾಗಳೂ ಸೇರಿದ್ದವು. ಜನಸಂಖ್ಯೆ ಸುಮಾರು 7 ಕೋಟಿ 80 ಲಕ್ಷ. ಇಷ್ಟು ದೊಡ್ಡ ಪ್ರಾಂತ್ಯವನ್ನು ಆಳುವುದು ಕಷ್ಟ ಎಂಬ ಕಾರಣ ಹೇಳಿ ವೈಸರಾಯ್ ಕರ್ಜನ್ ಅದನ್ನು ಎರಡು ಹೋಳು ಮಾಡಿದರು. ಆಡಳಿತದ ಅನುಕೂಲ ಎಂಬುದು ಹೊರಗಿನ ಮಾತು. ಒಟ್ಟಾಗಿರುವ ಬಂಗಾಳ ಒಂದು ಶಕ್ತಿ, ಒಡೆದರೆ ಆ ಶಕ್ತಿ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತದೆ ಎಂಬ ಲೆಕ್ಕಾಚಾರವನ್ನು ಗೃಹ ಕಾರ್ಯದರ್ಶಿ ರಿಸ್ಲಿ ತಮ್ಮ ಟಿಪ್ಪಣಿಯಲ್ಲಿ ಸ್ಪಷ್ಟವಾಗಿಯೇ ಬರೆದಿಟ್ಟಿದ್ದರು.

1905ರ ಅಕ್ಟೋಬರ್ 16ರಂದು ವಿಭಜನೆ ಜಾರಿಗೆ ಬಂತು. ಅಂದು ಕಲ್ಕತ್ತದ ಅನೇಕ ಮನೆಗಳಲ್ಲಿ ಒಲೆ ಹಚ್ಚಲಿಲ್ಲ. ಜನ ಗಂಗೆಯಲ್ಲಿ ಮಿಂದು ಒಬ್ಬರಿಗೊಬ್ಬರು ರಾಖಿ ಕಟ್ಟಿದರು. ರವೀಂದ್ರನಾಥ ಠಾಕೂರರು ಬೀದಿಗಿಳಿದು ಹಿಂದೂ ಮುಸ್ಲಿಂ ಎನ್ನದೆ ರಾಖಿ ಕಟ್ಟಿದರು. ಅದೇ ತಿಂಗಳು ಸರ್ಕಾರ, ಚಳವಳಿಗೆ ಇಳಿದ ವಿದ್ಯಾರ್ಥಿಗಳ ಶಾಲೆಗಳಿಗೆ ಅನುದಾನ ನಿಲ್ಲಿಸುವುದಾಗಿ ಬೆದರಿಸುವ ಸುತ್ತೋಲೆ ಹೊರಡಿಸಿತು. ಇದಕ್ಕೆ ಬಂದ ಉತ್ತರವೇ ಸ್ವಂತ ಶಿಕ್ಷಣ ವ್ಯವಸ್ಥೆ. ರಾಷ್ಟ್ರೀಯ ಶಿಕ್ಷಣ ಪರಿಷತ್ತು 1906ರಲ್ಲಿ ಹುಟ್ಟಿತು. ಸುಬೋಧ ಚಂದ್ರ ಮಲ್ಲಿಕ್ ಒಂದು ಲಕ್ಷ ರೂಪಾಯಿ ಕೊಟ್ಟರು. ಬರೋಡಾದ ದೊಡ್ಡ ಸಂಬಳ ಬಿಟ್ಟುಬಂದ ಅರವಿಂದ ಘೋಷರು ಬಂಗಾಳ ರಾಷ್ಟ್ರೀಯ ಕಾಲೇಜಿನ ಪ್ರಾಂಶುಪಾಲರಾದರು. ಜೊತೆಯಲ್ಲೇ ಒಂದು ತಾಂತ್ರಿಕ ಶಾಲೆಯೂ ಶುರುವಾಯಿತು.

ಕಾಲೇಜು ಹೆಚ್ಚು ಕಾಲ ಬಾಳಲಿಲ್ಲ. ಅಲ್ಲಿ ಕಲಿತವರಿಗೆ ಸರ್ಕಾರಿ ನೌಕರಿ ಇರಲಿಲ್ಲ, ಹಾಗಾಗಿ ತಂದೆತಾಯಂದಿರು ಹಿಂಜರಿದರು. ತಾಂತ್ರಿಕ ಶಾಖೆ ಉಳಿಯಿತು, ಬೆಳೆಯಿತು. 1955ರಲ್ಲಿ ಅದೇ ಜಾದವ್‌ಪುರ ವಿಶ್ವವಿದ್ಯಾಲಯವಾಯಿತು.

ಸಮಿತಿಯೊಳಗೆ ಒಂದು ವಾರ

ಸಂಜೆ ಕುಸ್ತಿ, ಲಾಠಿ, ಕವಾಯತು. ಆಮೇಲೆ ಓದು: ಭಗವದ್ಗೀತೆ, ಬಂಕಿಮರು, ವಿವೇಕಾನಂದರು, ಇಟಲಿಯ ಮಾಟ್ಸಿನಿ ಮತ್ತು ಗ್ಯಾರಿಬಾಲ್ಡಿಯರ ಚರಿತ್ರೆ. ವಿವೇಕಾನಂದರ ಐರಿಷ್ ಶಿಷ್ಯೆ ಸೋದರಿ ನಿವೇದಿತಾ ತಮ್ಮ ಪುಸ್ತಕಗಳಲ್ಲಿ ಕೆಲವನ್ನು ಈ ಹುಡುಗರ ಭಂಡಾರಕ್ಕೆ ಕೊಟ್ಟಿದ್ದರು. ಅದಕ್ಕೂ ಮೊದಲು, 1899ರಲ್ಲಿ ಕಲ್ಕತ್ತಕ್ಕೆ ಪ್ಲೇಗ್ ಬಂದಾಗ, ಅವರು ರಾಮಕೃಷ್ಣ ಮಿಷನ್ನಿನ ಪರವಾಗಿ ಗಲ್ಲಿಗಳನ್ನು ಗುಡಿಸುವ ಕೆಲಸದ ಮುಂದಾಳಾಗಿದ್ದರು. ಓದಿದ ಹುಡುಗರು ಪೊರಕೆ ಹಿಡಿಯಬಹುದು ಎಂಬುದನ್ನು ಆ ತಲೆಮಾರು ಕಣ್ಣಾರೆ ಕಂಡದ್ದು ಅಲ್ಲಿ.

ಭಾನುವಾರ ಬಂದರೆ ಹುಡುಗರು ಜೋಳಿಗೆ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಇದಕ್ಕೆ ಮುಷ್ಟಿ ಭಿಕ್ಷೆ ಎಂದು ಹೆಸರು. ಹೀಗೆ ಹಿಡಿ ಹಿಡಿಯಾಗಿ ಬಂದ ಅಕ್ಕಿ ಕೇರಿಯ ಬಡವರ ಮನೆ ಸೇರುತ್ತಿತ್ತು. ಸಮಿತಿಯ ಹೆಸರು ಅಡುಗೆಮನೆಯವರೆಗೂ ಮುಟ್ಟಿತು. ಹೆಂಗಸರಿಗೆ ಈ ಹುಡುಗರ ಮುಖ ಪರಿಚಯವಾಯಿತು. ಮುಂದೆ ಪೊಲೀಸರು ಬೆನ್ನು ಹತ್ತಿದಾಗ ಒಂದು ರಾತ್ರಿಗೆ ಜಾಗ ಕೊಟ್ಟದ್ದು, ಪಿಸ್ತೂಲನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟದ್ದು ಇಂಥ ಮನೆಗಳೇ.

1908ರ ಫೆಬ್ರವರಿಯಲ್ಲಿ ಅರ್ಧೋದಯ ಯೋಗ ಬಂತು. ಹಲವು ವರ್ಷಗಳಿಗೊಮ್ಮೆ ಬರುವ ಈ ಪರ್ವದಂದು ಗಂಗಾಸ್ನಾನಕ್ಕೆ ದೂರದೂರದ ಊರುಗಳಿಂದ ಜನ ಕಲ್ಕತ್ತಕ್ಕೆ ಹರಿದು ಬಂದರು. ಸಮಿತಿಗಳ ಸ್ವಯಂಸೇವಕರು ಘಟ್ಟಗಳಲ್ಲಿ ಸಾಲಾಗಿ ನಿಂತರು. ಮುದುಕಿಯರ ಕೈ ಹಿಡಿದು ನೀರಿಗಿಳಿಸಿದರು, ಕಾಲರಾ ತಗುಲಿದವರನ್ನು ಹೊತ್ತು ತಂದರು, ಜನಜಂಗುಳಿಯಲ್ಲಿ ತಪ್ಪಿಸಿಕೊಂಡವರನ್ನು ಮನೆಯವರ ಬಳಿ ಸೇರಿಸಿದರು. ಹಳ್ಳಿಯಿಂದ ಬಂದ ಯಾತ್ರಿಕರಿಗೆ ನಗರದ ಓದಿದ ಹುಡುಗರು ಹೀಗೆ ಸೇವೆ ಮಾಡುವುದು ಹೊಸ ಸಂಗತಿ. ಇದಾಗಿ ಮೂರು ತಿಂಗಳಿಗೆ ಬಿಹಾರದ ಮುಜಫರಪುರದಲ್ಲಿ ಕ್ರಾಂತಿಕಾರಿಗಳ ಬಾಂಬ್ ಸಿಡಿಯಿತು.

ಬಾರಿಸಾಲಿನ ನ್ಯಾಯ ಪಂಚಾಯಿತಿಗಳು

ಎಲ್ಲ ಸಮಿತಿಗಳೂ ಗುಪ್ತ ಸಂಘಟನೆಗಳಾಗಿರಲಿಲ್ಲ. ಪೂರ್ವ ಬಂಗಾಳದ ಬಾರಿಸಾಲ್ ಪಟ್ಟಣ ಇಂದು ಬಾಂಗ್ಲಾದೇಶದಲ್ಲಿದೆ. ನದಿ, ಕಾಲುವೆ, ಭತ್ತದ ಗದ್ದೆಗಳ ನಾಡು. ಅಲ್ಲಿ ಅಶ್ವಿನಿ ಕುಮಾರ್ ದತ್ತ ಎಂಬ ಮೇಷ್ಟ್ರು ಇದ್ದರು. ತಂದೆಯ ಹೆಸರಿನಲ್ಲಿ ಬ್ರಜಮೋಹನ ಶಾಲೆಯನ್ನು 1884ರಲ್ಲಿ, ಕಾಲೇಜನ್ನು 1889ರಲ್ಲಿ ತೆರೆದಿದ್ದರು. ರೋಗಿಗಳ ಆರೈಕೆಯೂ ಪಾಠದಷ್ಟೇ ಮುಖ್ಯ ಎಂದು ವಿದ್ಯಾರ್ಥಿಗಳಿಗೆ ಕಲಿಸಿದ್ದರು. ಹೀಗಾಗಿ 1905ರಲ್ಲಿ ಸ್ವದೇಶಿ ಚಳವಳಿ ಬಂದಾಗ ಅವರ ಕೈಯಲ್ಲಿ ಇಪ್ಪತ್ತು ವರ್ಷಗಳ ಶಿಷ್ಯಬಳಗವಿತ್ತು.

ಅವರು ಕಟ್ಟಿದ ಸ್ವದೇಶ ಬಾಂಧವ ಸಮಿತಿ ಕೈಗೆತ್ತಿಕೊಂಡದ್ದು ಹಳ್ಳಿಯ ವ್ಯಾಜ್ಯಗಳನ್ನು. ಬದು ಜಗಳ, ಸಾಲದ ತಕರಾರು, ದನ ಗದ್ದೆಗೆ ನುಗ್ಗಿದ ದೂರು, ಇವನ್ನೆಲ್ಲ ಬ್ರಿಟಿಷ್ ಕೋರ್ಟಿಗೆ ಒಯ್ದರೆ ವಕೀಲರ ಖರ್ಚಿಗೇ ರೈತ ದಿವಾಳಿಯಾಗುತ್ತಿದ್ದ. ಸಮಿತಿ ತನ್ನ ಮೊದಲ ವಾರ್ಷಿಕ ವರದಿಯಲ್ಲಿ 89 ಪಂಚಾಯಿತಿಗಳ ಮೂಲಕ 523 ವ್ಯಾಜ್ಯಗಳನ್ನು ಬಗೆಹರಿಸಿದ್ದಾಗಿ ಹೇಳಿಕೊಂಡಿತು. 1906ರಲ್ಲಿ ಅಕ್ಕಿಯ ಬೆಲೆ ಏರಿ ಬರಗಾಲ ಬಂದಾಗ ಪರಿಹಾರ ಕೇಂದ್ರಗಳನ್ನು ನಡೆಸಿದವರೂ ಇದೇ ಕಾರ್ಯಕರ್ತರು. ಹಿಂದೂ ಮುಸ್ಲಿಂ ಎಂದು ನೋಡದೆ ಅಕ್ಕಿ ಕೊಟ್ಟರು. ಮುಕುಂದ ದಾಸ್ ಎಂಬ ಹಾಡುಗಾರ 'ಜಾತ್ರಾ' ಮೇಳ ಕಟ್ಟಿಕೊಂಡು, ದೋಣಿಯಲ್ಲಿ ಊರೂರು ಸುತ್ತಿ, ಓದು ಬಾರದವರಿಗೂ ಸ್ವದೇಶಿಯ ಮಾತು ತಲುಪಿಸಿದರು. ಜಾತ್ರಾ ಎಂದರೆ ಬಯಲಿನಲ್ಲಿ ಆಡುವ ಬಂಗಾಳಿ ಸಂಗೀತ ನಾಟಕ.

ಸರ್ಕಾರದ ದೃಷ್ಟಿಯಿಂದ ನೋಡಿದರೆ ಇದು ಸಣ್ಣ ಸಂಗತಿಯಲ್ಲ. ನ್ಯಾಯ ಹೇಳುವುದು, ಬರದಲ್ಲಿ ಅನ್ನ ಕೊಡುವುದು, ಶಾಲೆ ನಡೆಸುವುದು ಆಳುವವರ ಕೆಲಸ. ಅದನ್ನು ಊರಿನ ಮೇಷ್ಟ್ರೇ ಮಾಡತೊಡಗಿದರೆ ಕಲೆಕ್ಟರನ ಅಗತ್ಯವಾದರೂ ಏನು?

ಹಾಗಾದರೆ ಬಾಂಬ್ ಎಲ್ಲಿಂದ ಬಂತು?

ಸಮಿತಿಗಳ ಒಳಗೆ ಮೊದಲಿನಿಂದಲೂ ಒಂದು ಚರ್ಚೆ ನಡೆದಿತ್ತು. ಪ್ರಮಥನಾಥ ಮಿತ್ರರಂಥ ಹಿರಿಯರದು ನಿಧಾನದ ದಾರಿ: ಮೊದಲು ದೇಹ, ಚಾರಿತ್ರ್ಯ, ಸಂಘಟನೆ. ಅರವಿಂದರ ತಮ್ಮ ಬರೀಂದ್ರ ಕುಮಾರ್ ಘೋಷ್ ಮತ್ತು ಸಂಗಡಿಗರಿಗೆ ಅಷ್ಟು ತಾಳ್ಮೆ ಇರಲಿಲ್ಲ. 1906ರಲ್ಲಿ ಅವರು 'ಯುಗಾಂತರ' ಪತ್ರಿಕೆ ಹೊರತಂದರು. ಬಂಗಾಳಿಯಲ್ಲಿ 'ಜುಗಾಂತರ' ಎನ್ನುವ ಈ ಹೆಸರೇ ಮುಂದೆ ಗುಂಪಿಗೂ ಅಂಟಿಕೊಂಡಿತು. ವಿವೇಕಾನಂದರ ತಮ್ಮ ಭೂಪೇಂದ್ರನಾಥ ದತ್ತ ಪತ್ರಿಕೆಯ ಬರಹಗಳಿಗಾಗಿ ಜೈಲಿಗೆ ಹೋದರು. ಹೇಮಚಂದ್ರ ಕಾನುಂಗೊ ತಮ್ಮ ಆಸ್ತಿ ಮಾರಿ ಪ್ಯಾರಿಸ್ಸಿಗೆ ಹೋಗಿ ಬಾಂಬ್ ತಯಾರಿಕೆ ಕಲಿತು ಬಂದರು.

ಕಲ್ಕತ್ತದ ನ್ಯಾಯಾಧೀಶ ಕಿಂಗ್ಸ್‌ಫರ್ಡ್ ಪತ್ರಿಕೆಗಳಿಗೆ ಕಠಿಣ ಶಿಕ್ಷೆ ಕೊಡುತ್ತಿದ್ದ. ಸುಶೀಲ್ ಸೇನ್ ಎಂಬ ಶಾಲಾ ಬಾಲಕನಿಗೆ ಛಡಿ ಏಟಿನ ಶಿಕ್ಷೆ ಕೊಟ್ಟದ್ದು ಯುವಕರ ಎದೆಗೆ ಬೆಂಕಿ ಹಚ್ಚಿತು. ಕಿಂಗ್ಸ್‌ಫರ್ಡ್‌ನನ್ನು ಮುಜಫರಪುರಕ್ಕೆ ವರ್ಗ ಮಾಡಲಾಯಿತು. 1908ರ ಏಪ್ರಿಲ್ 30ರ ರಾತ್ರಿ ಖುದಿರಾಮ್ ಮತ್ತು ಪ್ರಫುಲ್ಲ ಚಾಕಿ ಅವನ ಗಾಡಿಯೆಂದು ಬಗೆದು ಬಾಂಬ್ ಎಸೆದರು. ಗಾಡಿಯಲ್ಲಿದ್ದದ್ದು ಕೆನಡಿ ಎಂಬ ವಕೀಲರ ಹೆಂಡತಿ ಮತ್ತು ಮಗಳು, ಇಬ್ಬರೂ ಸತ್ತರು. ಸಿಕ್ಕಿಬೀಳುವ ಗಳಿಗೆಯಲ್ಲಿ ಚಾಕಿ ಪ್ರಾಣ ಬಿಟ್ಟರು. ಖುದಿರಾಮ್‌ಗೆ ಆಗಸ್ಟ್ 11ರಂದು ಗಲ್ಲಾಯಿತು, ವಯಸ್ಸು ಹದಿನೆಂಟು. ಆ ಬಾಂಬಿಗೆ ನಿರಪರಾಧಿ ಹೆಂಗಸರು ಬಲಿಯಾದರು ಎಂಬುದನ್ನೂ, ಆ ಹುಡುಗ ತೋರಿದ ಧೈರ್ಯವನ್ನೂ ಒಟ್ಟಿಗೇ ಹೇಳಬೇಕು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳುವುದು ಇತಿಹಾಸವಾಗದು.

ಢಾಕಾದ ದಾರಿ ಬೇರೆ. ಅಲ್ಲಿ ಪುಲಿನ್ ಬಿಹಾರಿ ದಾಸ್ 1906ರಲ್ಲಿ ಅನುಶೀಲನ ಶಾಖೆ ಕಟ್ಟಿ, ಲಾಠಿ ತರಬೇತಿಯ ಮೂಲಕ ನೂರಾರು ಹಳ್ಳಿಗಳಿಗೆ ಹಬ್ಬಿಸಿದರು. ಸದಸ್ಯರಿಗೆ ಹಂತಹಂತದ ಪ್ರತಿಜ್ಞೆಗಳಿದ್ದವು. ಸಂಘಟನೆಗೆ ಹಣ ಬೇಕು, ಚಂದಾ ಸಾಲದು. ಆಗ ಶುರುವಾದದ್ದು ರಾಜಕೀಯ ಡಕಾಯಿತಿ, ಅಂದರೆ ಹಣವಂತರ ಮನೆಗಳ ಲೂಟಿ. ಲೂಟಿಯಾದವರು ಹೆಚ್ಚಾಗಿ ಭಾರತೀಯರೇ. ಮುಷ್ಟಿ ಭಿಕ್ಷೆಯಿಂದ ಗಳಿಸಿದ ವಿಶ್ವಾಸ ಇಂಥ ರಾತ್ರಿಗಳಲ್ಲಿ ಕರಗುತ್ತಿತ್ತು.

ಸೇವೆಯನ್ನು ಕಂಡರೆ ಸರ್ಕಾರಕ್ಕೇಕೆ ಭಯ?

1908ರ ಕೊನೆಯಲ್ಲಿ ಒಂಬತ್ತು ನಾಯಕರನ್ನು ವಿಚಾರಣೆಯಿಲ್ಲದೆ ಗಡೀಪಾರು ಮಾಡಲಾಯಿತು. ಬಳಸಿದ್ದು 1818ರ ಒಂದು ಹಳೆಯ ಕಾನೂನು. ಪಟ್ಟಿಯಲ್ಲಿ ಲಾಠಿಯ ಪುಲಿನ್ ದಾಸ್ ಇದ್ದರು, ಶಾಲೆಯ ಅಶ್ವಿನಿ ದತ್ತರೂ ಇದ್ದರು. 1909ರ ಜನವರಿಯಲ್ಲಿ ಪೂರ್ವ ಬಂಗಾಳದ ಐದು ಸಮಿತಿಗಳನ್ನು ನಿಷೇಧಿಸಿದಾಗಲೂ ಹಾಗೆಯೇ: ಢಾಕಾ ಅನುಶೀಲನದ ಜೊತೆಗೆ ಬಾರಿಸಾಲಿನ ಸ್ವದೇಶ ಬಾಂಧವವೂ ಹೋಯಿತು. ಬಾಂಬ್ ತಯಾರಿಸಿದವರು ಮತ್ತು ಬದು ಜಗಳ ಬಿಡಿಸಿದವರು ಆಡಳಿತದ ಕಣ್ಣಿಗೆ ಒಂದೇ ತೂಕದ ಅಪರಾಧಿಗಳಾಗಿದ್ದರು.

ಈ ಅನುಮಾನ ಎಷ್ಟು ದೂರ ಹೋಯಿತೆಂದರೆ, 1916ರ ಡಿಸೆಂಬರಿನಲ್ಲಿ ಗವರ್ನರ್ ಕಾರ್ಮೈಕಲ್ ಢಾಕಾದಲ್ಲಿ ಮಾತನಾಡುತ್ತಾ, ಕ್ರಾಂತಿಕಾರಿಗಳು ಸೇವಾಕಾರ್ಯದ ಮರೆಯಲ್ಲಿ ಹುಡುಗರನ್ನು ಸೆಳೆಯುತ್ತಿದ್ದಾರೆ ಎನ್ನುವಾಗ ರಾಮಕೃಷ್ಣ ಮಿಷನ್ನಿನ ಹೆಸರನ್ನೂ ಎತ್ತಿದರು. ಮಿಷನ್ ಪ್ರತಿಭಟಿಸಿತು, ಮುಂದಿನ ವರ್ಷ ಗವರ್ನರ್ ಪತ್ರ ಬರೆದು ಸಮಜಾಯಿಷಿ ಕೊಡಬೇಕಾಯಿತು.

1913ರ ದಾಮೋದರ ಪ್ರವಾಹ

ಗವರ್ನರ್ ಮಾತಿನಲ್ಲಿ ಸತ್ಯಾಂಶ ಇರಲಿಲ್ಲವೆಂದಲ್ಲ. ಅದಕ್ಕೆ ಒಳ್ಳೆಯ ಉದಾಹರಣೆ ಬಾಘಾ ಜತಿನ್.

ಜತೀಂದ್ರನಾಥ ಮುಖರ್ಜಿ ಬಂಗಾಳ ಸರ್ಕಾರದ ಕಚೇರಿಯಲ್ಲಿ ಶೀಘ್ರಲಿಪಿಕಾರರಾಗಿದ್ದವರು. 1906ರಲ್ಲಿ ಚೂರಿಯೊಂದರಿಂದಲೇ ಹುಲಿಯನ್ನು ಕೊಂದು 'ಬಾಘಾ' ಎನಿಸಿಕೊಂಡರು. 1910ರಲ್ಲಿ ಹೌರಾ ಪಿತೂರಿ ಮೊಕದ್ದಮೆಯಲ್ಲಿ ಬಂಧನ. ಸಾಕ್ಷ್ಯ ಸಾಲದೆ ಮರುವರ್ಷ ಬಿಡುಗಡೆ. ಕೆಲಸ ಹೋಯಿತು, ರೈಲ್ವೆ ಗುತ್ತಿಗೆದಾರರಾದರು. ಹಿಂದೆ ಸದಾ ಪೊಲೀಸರ ಕಣ್ಣು. ಗುಂಪುಗಳು ಚದುರಿಹೋಗಿದ್ದವು, ನಾಲ್ಕು ಜನ ಒಂದೆಡೆ ಸೇರಿದರೆ ಪೊಲೀಸರಿಗೆ ಸುದ್ದಿ ಮುಟ್ಟುತ್ತಿತ್ತು.

1913ರ ಆಗಸ್ಟ್‌ನಲ್ಲಿ ದಾಮೋದರ ನದಿಯ ದಂಡೆಗಳು ಒಡೆದವು. ಬರ್ದ್ವಾನ್ ಕಡೆಯ ಹಳ್ಳಿಗಳು ಮುಳುಗಿದವು. ಜತಿನ್ ಮತ್ತು ಬೇರೆ ಬೇರೆ ಗುಂಪುಗಳ ಯುವಕರು ಅಕ್ಕಿ, ಬಟ್ಟೆ, ಔಷಧಿ ಹೊತ್ತು ಅಲ್ಲಿಗೆ ಧಾವಿಸಿದರು. ಕಲ್ಕತ್ತದಲ್ಲಿ 'ಶ್ರಮಜೀವಿ ಸಮವಾಯ' ಎಂಬ ಸ್ವದೇಶಿ ಸಹಕಾರಿ ಮಳಿಗೆ ನಡೆಸುತ್ತಿದ್ದ ಅಮರೇಂದ್ರನಾಥ ಚಟರ್ಜಿಯವರಂಥ ಸಂಗಾತಿಗಳು ಜೊತೆಗಿದ್ದರು. ನೆರೆ ಪರಿಹಾರದ ಶಿಬಿರದಲ್ಲಿ ಯಾರು ಯಾರನ್ನು ಭೇಟಿಯಾದರೂ ಕೇಳುವವರಿಲ್ಲ. ಹಣ ಸಂಗ್ರಹಿಸಬಹುದು, ಹಳ್ಳಿಯ ದಾರಿಗಳನ್ನು ತಿಳಿಯಬಹುದು. ಎದೆಮಟ್ಟದ ನೀರಿನಲ್ಲಿ ಮೂಟೆ ಹೊತ್ತ ಹುಡುಗನ ಗಟ್ಟಿತನವೂ ಅಲ್ಲಿಯೇ ಗೊತ್ತಾಗುತ್ತದೆ. ಚದುರಿದ್ದ ಗುಂಪುಗಳು ಮತ್ತೆ ಹತ್ತಿರ ಬಂದದ್ದು ಈ ಶಿಬಿರಗಳಲ್ಲಿ.

ಹಾಗೆಂದು ಪರಿಹಾರ ಕಾರ್ಯ ಬರೀ ವೇಷ ಎನ್ನಲಾಗದು. ಅಕ್ಕಿ ನಿಜವಾದದ್ದೇ, ಹಸಿವೂ ನಿಜವಾದದ್ದೇ. ಜನರ ಹಸಿವು ಮತ್ತು ಪರರ ಆಳ್ವಿಕೆಯನ್ನು ಇವರು ಒಂದೇ ರೋಗದ ಎರಡು ಲಕ್ಷಣಗಳೆಂದು ನೋಡುತ್ತಿದ್ದರು. ಮರುವರ್ಷ ಆಗಸ್ಟ್ 26ರಂದು ಕ್ರಾಂತಿಕಾರಿಗಳು ಕಲ್ಕತ್ತದ ಬಂದೂಕು ವ್ಯಾಪಾರಿ ರೊಡ್ಡಾ ಕಂಪನಿಯ 50 ಮೌಸರ್ ಪಿಸ್ತೂಲು ಮತ್ತು 46,000 ಗುಂಡುಗಳನ್ನು ಹಾರಿಸಿಕೊಂಡು ಹೋದರು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ವೈರಿಯಾಗಿದ್ದ ಜರ್ಮನಿಯ ಶಸ್ತ್ರಾಸ್ತ್ರ ನಿರೀಕ್ಷಿಸುತ್ತಾ ಒಡಿಶಾದ ಬಾಲಸೋರ್ ಬಳಿ ಅಡಗಿದ್ದ ಜತಿನ್, ಪೊಲೀಸರೊಂದಿಗೆ ಕಾದಾಡಿ 1915ರ ಸೆಪ್ಟೆಂಬರ್ 10ರಂದು ಗಾಯಗಳಿಂದ ತೀರಿಕೊಂಡರು. ಅವರ ಕೈಯಲ್ಲಿದ್ದದ್ದು ಮೌಸರ್.

ಢಾಕಾದ ಹೆಣ್ಣುಮಕ್ಕಳು

ಮೊದಲ ತಲೆಮಾರಿನ ಸಮಿತಿಗಳು ಗಂಡಸರವು. ಹೆಂಗಸರು ಅನ್ನ ಹಾಕುವವರಾಗಿ, ಆಶ್ರಯ ಕೊಡುವವರಾಗಿ ತೆರೆಮರೆಯಲ್ಲಿದ್ದರು. ಅದನ್ನು ಬದಲಿಸಿದವರಲ್ಲಿ ಮುಖ್ಯರು ಲೀಲಾ ನಾಗ್. ಢಾಕಾ ವಿಶ್ವವಿದ್ಯಾಲಯದಿಂದ ಎಂ.ಎ. ಪದವಿ ಪಡೆದ ಮೊದಲ ಮಹಿಳೆ. 1923ರಲ್ಲಿ ಹನ್ನೆರಡು ಗೆಳತಿಯರೊಂದಿಗೆ ದೀಪಾಲಿ ಸಂಘ ಕಟ್ಟಿದರು. ಆಗ ಢಾಕಾದಲ್ಲಿ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಗಳು ಬೆರಳೆಣಿಕೆಯಷ್ಟು. ಸಂಘ ಪ್ರಾಥಮಿಕ ಶಾಲೆಗಳನ್ನು ತೆರೆಯಿತು, ಪ್ರೌಢಶಾಲೆಗಳನ್ನು ತೆರೆಯಿತು, ದೊಡ್ಡ ಹೆಂಗಸರಿಗೆ ಅಕ್ಷರ ಮತ್ತು ಹೊಲಿಗೆ, ನೇಯ್ಗೆ ಕಲಿಸಿತು, ಅವರು ಮಾಡಿದ ವಸ್ತುಗಳ ಮಾರಾಟಕ್ಕೆ ಮೇಳ ನಡೆಸಿತು. ಜೊತೆಗೆ ಲಾಠಿ ತರಬೇತಿಯನ್ನೂ ಕೊಟ್ಟಿತು. ಢಾಕಾದ ಈಡನ್ ಕಾಲೇಜಿನಲ್ಲಿ ಓದುತ್ತಿದ್ದ ಪ್ರೀತಿಲತಾ ವಡ್ಡೇದಾರ್ ಈ ಸಂಘದ ಸದಸ್ಯೆಯಾಗಿದ್ದರು. ಮುಂದೆ ಚಿತ್ತಗಾಂಗಿನಲ್ಲಿ ಸೂರ್ಯ ಸೇನರ ತಂಡ ಸೇರಿ, 1932ರ ಸೆಪ್ಟೆಂಬರಿನಲ್ಲಿ ಪಹಾಡ್‌ತಲಿಯ ಯುರೋಪಿಯನ್ ಕ್ಲಬ್ ಮೇಲಿನ ದಾಳಿಯ ಮುಂದಾಳಾಗಿ, ಸೆರೆ ಸಿಕ್ಕದೆ ವಿಷ ಸೇವಿಸಿ ಪ್ರಾಣ ಬಿಟ್ಟರು. ಆಗ ವಯಸ್ಸು 21.

ಸೂರ್ಯ ಸೇನರೂ ಶಾಲಾ ಮೇಷ್ಟ್ರೇ. 'ಮಾಸ್ಟರ್‌ದಾ', ಅಂದರೆ ಮೇಷ್ಟ್ರಣ್ಣ ಎಂದೇ ಅವರನ್ನು ಕರೆಯುತ್ತಿದ್ದರು. 1930ರ ಏಪ್ರಿಲ್ 18ರಂದು ಅವರ ಮುಂದಾಳತ್ವದಲ್ಲಿ ಚಿತ್ತಗಾಂಗಿನ ಶಸ್ತ್ರಾಗಾರಕ್ಕೆ ನುಗ್ಗಿದವರಲ್ಲಿ ಅನೇಕರು ಹದಿಹರೆಯದ ಹುಡುಗರು.

ಯಾರು ಹೊರಗುಳಿದರು?

ಕ್ರಾಂತಿಕಾರಿ ಚಟುವಟಿಕೆಗಳ ತನಿಖೆಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ ರೌಲಟ್ ಸಮಿತಿಯ 1918ರ ವರದಿಯಲ್ಲಿ ಒಂದು ಪಟ್ಟಿಯಿದೆ. 1907ರಿಂದ 1917ರವರೆಗೆ ಬಂಗಾಳದಲ್ಲಿ ಕ್ರಾಂತಿಕಾರಿ ಕೃತ್ಯಗಳಿಗಾಗಿ ಶಿಕ್ಷೆಗೊಳಗಾದ ಅಥವಾ ಅವುಗಳಲ್ಲಿ ಸತ್ತ 186 ಜನರ ಲೆಕ್ಕ ಅದು. ಅವರಲ್ಲಿ 68 ಜನ ವಿದ್ಯಾರ್ಥಿಗಳು. 165 ಜನ ಬ್ರಾಹ್ಮಣ, ಕಾಯಸ್ಥ, ವೈದ್ಯ ಎಂಬ ಮೂರೇ ಮೇಲ್ಜಾತಿಗಳಿಗೆ ಸೇರಿದವರು.

ಪೂರ್ವ ಬಂಗಾಳದ ರೈತರಲ್ಲಿ ಬಹುಪಾಲು ಮುಸ್ಲಿಮರು ಮತ್ತು ಅಸ್ಪೃಶ್ಯರೆನಿಸಿದ್ದ ನಾಮಶೂದ್ರ ಜಾತಿಯ ಹಿಂದೂಗಳು. ಕಾಳಿಯ ಮುಂದೆ, ಗೀತೆ ಮುಟ್ಟಿ ಮಾಡುವ ಪ್ರತಿಜ್ಞೆಗೆ ಮುಸ್ಲಿಂ ಹುಡುಗ ಹೇಗೆ ಬರಬೇಕು? ಸ್ವದೇಶಿ ಬಟ್ಟೆ ಮ್ಯಾಂಚೆಸ್ಟರ್ ಬಟ್ಟೆಗಿಂತ ದುಬಾರಿ. ಅದನ್ನೇ ಕೊಳ್ಳಬೇಕೆಂದು ಕೆಲವೆಡೆ ಜಮೀನ್ದಾರರ ಆಳುಗಳು ಒತ್ತಾಯ ಮಾಡಿದರು. 1907ರಲ್ಲಿ ಕೊಮಿಲ್ಲಾ, ಜಮಾಲ್‌ಪುರಗಳಲ್ಲಿ ಗಲಭೆಗಳಾದವು. ರಾಖಿ ಕಟ್ಟಲು ಬೀದಿಗಿಳಿದಿದ್ದ ರವೀಂದ್ರರು ಇದನ್ನು ಕಂಡು ಹಿಂದೆ ಸರಿದರು. ರೈತನ ಕಷ್ಟ ಸುಖದಲ್ಲಿ ಪಾಲ್ಗೊಳ್ಳದೆ ದೇಶಭಕ್ತಿಯನ್ನು ಅವನ ಮೇಲೆ ಹೇರುವುದು ತಪ್ಪು ಎಂದು ವಾದಿಸಿ, ತಮ್ಮ ಜಮೀನ್ದಾರಿಯ ಪತಿಸರದಲ್ಲಿ ರೈತರಿಗಾಗಿ ಕೃಷಿ ಬ್ಯಾಂಕಿನಂಥ ಕೆಲಸಗಳಿಗೆ ಒತ್ತು ಕೊಟ್ಟರು. ಬಾರಿಸಾಲಿನ ಪಂಚಾಯಿತಿಗಳು ರೈತನ ಅಂಗಳ ಮುಟ್ಟಿದ್ದವು. ಗುಪ್ತ ಸಂಘಟನೆಯ ಸ್ವಭಾವವೇ ಬೇರೆ. ನಂಬಿಕಸ್ಥರ ಸಣ್ಣ ವಲಯದಲ್ಲೇ ಅದು ಬೆಳೆಯಬೇಕು, ಹಾಗಾಗಿ ತಮ್ಮದೇ ಜಾತಿ, ತಮ್ಮದೇ ಕಾಲೇಜಿನ ಹುಡುಗರಾಚೆಗೆ ಹೋಗಲಾರದು.

ಜೈಲಿನಿಂದ ಬಂದ ಮೇಲೆ

ಬಂಗಾಳದ ವಿಭಜನೆ 1911ರಲ್ಲಿ ರದ್ದಾಯಿತು. ರಾಜಧಾನಿ ಕಲ್ಕತ್ತದಿಂದ ದೆಹಲಿಗೆ ಹೋಯಿತು. ಕ್ರಾಂತಿಕಾರಿಗಳಲ್ಲಿ ಅನೇಕರು ಅಂಡಮಾನಿನಲ್ಲಿ, ಬೇರೆ ಬೇರೆ ಸೆರೆಮನೆಗಳಲ್ಲಿ ಯೌವನ ಕಳೆದರು. ಹೊರಬಂದವರಲ್ಲಿ ಬಹಳ ಮಂದಿ ಮತ್ತೆ ಜನರ ಕೆಲಸಕ್ಕೇ ತೊಡಗಿದರು. ಪುಲಿನ್ ದಾಸ್ 1928ರಲ್ಲಿ ಕಲ್ಕತ್ತದಲ್ಲಿ ವ್ಯಾಯಾಮ ಸಮಿತಿ ಕಟ್ಟಿ ಮತ್ತೆ ಲಾಠಿ ಕಲಿಸಿದರು. ಜತಿನ್‌ರ ಸಂಗಾತಿ ಜಾದುಗೋಪಾಲ್ ಮುಖರ್ಜಿ ವೈದ್ಯರಾಗಿ ರಾಂಚಿಯಲ್ಲಿ ನೆಲೆಸಿ ಕ್ಷಯರೋಗಿಗಳಿಗೆ ಚಿಕಿತ್ಸೆ ಕೊಟ್ಟರು. ಭೂಪೇಂದ್ರನಾಥ ದತ್ತ ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು ಸಮಾಜಶಾಸ್ತ್ರಜ್ಞರಾದರು, ಕಾರ್ಮಿಕರ ಮತ್ತು ರೈತರ ಚಳವಳಿಗಳಲ್ಲಿ ದುಡಿದರು. ಚಿತ್ತಗಾಂಗಿನ ಕಲ್ಪನಾ ದತ್ತ ಬಿಡುಗಡೆಯಾಗಿ ಕಮ್ಯುನಿಸ್ಟ್ ಪಕ್ಷ ಸೇರಿ, 1943ರ ಭೀಕರ ಬರದಲ್ಲಿ ಪರಿಹಾರ ಕಾರ್ಯಕರ್ತೆಯಾದರು.

ಲೀಲಾ ನಾಗ್ 1931ರ ಕೊನೆಯಲ್ಲಿ ಬಂಧನಕ್ಕೊಳಗಾಗಿ 1937ರವರೆಗೆ ಸೆರೆಯಲ್ಲಿದ್ದರು. ಬಂಗಾಳದಿಂದ ಸಂವಿಧಾನ ರಚನಾ ಸಭೆಗೆ ಆಯ್ಕೆಯಾದರು. 1946ರ ಕೋಮು ಹಿಂಸೆಯ ನಂತರ ಪೂರ್ವ ಬಂಗಾಳದ ನೊವಾಖಾಲಿಯ ಹಳ್ಳಿಗಳಲ್ಲಿ ಸುತ್ತಿ, ಅಪಹರಣಕ್ಕೊಳಗಾದ ಹೆಂಗಸರನ್ನು ಹುಡುಕಿ ತಂದರು. ಮರುವರ್ಷ ದೇಶ ಒಡೆದು ಢಾಕಾದ ಕಡೆಯಿಂದ ನಿರಾಶ್ರಿತರು ಕಲ್ಕತ್ತಕ್ಕೆ ಬರತೊಡಗಿದಾಗ, ಅವರಿಗೆ ಆಸರೆ ಒದಗಿಸುವ ಕೆಲಸಕ್ಕೆ ಇಳಿದರು.